ಕ್ಯಾಮೆರಾ ಪ್ರಶ್ನೋತ್ತರ: ಸೆನ್ಸರ್ ಮೇಲೆ ಕೂತ ದೂಳು

ಆಷಾಢದ ಗಾಳಿ ಶುರುವಾದರೆ ಸಾಕು, ಬಯಲುಸೀಮೆಯ ಓದುಗರ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ: ಫೋಟೊದ ಆಕಾಶದಲ್ಲಿ ಬೂದುಬಣ್ಣದ ಚುಕ್ಕೆಗಳು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಅಂಥ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ನಂದಿ ಬೆಟ್ಟದಲ್ಲಿ ತೆಗೆದ ಸೂರ್ಯೋದಯದ ಚಿತ್ರಗಳಲ್ಲಿ, ಮೇಲೆ ಎಡಮೂಲೆಯಲ್ಲಿ ಮಸುಕು ಚುಕ್ಕೆಗಳಿವೆ. ಅದೇ ವಾರ ಮನೆಯೊಳಗೆ ತೆಗೆದ ನಾಮಕರಣದ ಚಿತ್ರಗಳಲ್ಲಿ ಒಂದೂ ಇಲ್ಲ. ಲೆನ್ಸ್ ಕೆಟ್ಟಿದೆಯೇ? (ಚಿಕ್ಕಬಳ್ಳಾಪುರ)

ಲೆನ್ಸ್ ಚೆನ್ನಾಗಿದೆ. ಎರಡೂ ಕಡೆ ಬಳಸಿದ ಅಪರ್ಚರ್ ನೋಡಿ, ಅಂದರೆ ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿಯ ಅಳತೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಮನೆಯೊಳಗೆ ಬೆಳಕು ಸಾಲದೆ ಎಫ್ 2.8 ಇಟ್ಟಿರುತ್ತೀರಿ. ಬೆಟ್ಟದ ಮೇಲೆ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರಲೆಂದು ಎಫ್ 16ಕ್ಕೋ 22ಕ್ಕೋ ಹೋಗಿರುತ್ತೀರಿ. ವ್ಯತ್ಯಾಸವೆಲ್ಲ ಅಲ್ಲೇ ಇದೆ.

ದೂಳು ಕೂರುವುದು ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಚಿಪ್ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಫೋಟೊದಲ್ಲಿ ಕಾಣುವುದು ಆ ಕಣದ ನೆರಳು. ಗಾಜಿನ ಮೇಲ್ಮೈಗೂ ಚಿಪ್‌ಗೂ ನಡುವೆ ಅಂದಾಜು 2 ಮಿ.ಮೀ. ಅಂತರ ಎಂದುಕೊಳ್ಳಿ. ಒಂದು ಪಿಕ್ಸೆಲ್‌ಗೆ ಬಂದು ಸೇರುವ ಬೆಳಕು ಗಾಜಿನ ಮೇಲೆ ಎಷ್ಟು ಅಗಲ ಹರಡಿರುತ್ತದೆ ಎಂದು ತಿಳಿಯಲು ಆ 2 ಮಿ.ಮೀ.ಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಎಫ್ 2.8ರಲ್ಲಿ ಸುಮಾರು 0.7 ಮಿ.ಮೀ., ಎಫ್ 16ರಲ್ಲಿ 0.125 ಮಿ.ಮೀ. ಈಗ 0.1 ಮಿ.ಮೀ. ಅಗಲದ ಒಂದು ಕಣ ಅಡ್ಡ ಬಂದರೆ, ಮೊದಲನೆಯ ಕಡೆ ನೂರಕ್ಕೆ 2ರಷ್ಟು ಬೆಳಕು ಮಾತ್ರ ತಡೆಯುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎರಡನೆಯ ಕಡೆ ನೂರಕ್ಕೆ 64! ದೂಳು ನಾಮಕರಣದ ದಿನವೂ ಇತ್ತು, ಕಾಣಿಸಲಿಲ್ಲ ಅಷ್ಟೆ.

ಇನ್ನೊಂದು ಮಾತು. ಎಫ್ 22ರಲ್ಲಿ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಸ್ವಲ್ಪ ಮೆತ್ತಗಾಗುತ್ತದೆ. ನಂದಿಯಂಥ ಜಾಗದ ದೂರದ ದೃಶ್ಯಕ್ಕೆ ಎಫ್ 8 ಅಥವಾ 11 ಧಾರಾಳ. ಅಪರ್ಚರ್ ಅಷ್ಟು ಬದಲಿಸಿದರೆ ಅರ್ಧ ಚುಕ್ಕೆಗಳು ಸೆನ್ಸರ್ ಮುಟ್ಟದೆಯೇ ಮಾಯವಾಗುತ್ತವೆ.

ಚುಕ್ಕೆ ಸೆನ್ಸರ್‌ನದ್ದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಎಲ್ಲಿದೆ ಎಂದು ಹುಡುಕುವುದು ಹೇಗೆ? (ತಿಪಟೂರು)

ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನೀವೇ ಆರಿಸುವ) ಮೋಡ್‌ಗೆ ತನ್ನಿ. ಎಫ್ 16, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಆಯ್ಕೆ) +1. ಫೋಕಸ್ ಮ್ಯಾನ್ಯುಯಲ್‌ಗೆ ತಂದು ಬೇಕೆಂದೇ ಕೆಡಿಸಿ. ಬಿಳಿ ಗೋಡೆಯನ್ನೋ ಮೋಡವಿಲ್ಲದ ಆಕಾಶವನ್ನೋ ತೆಗೆಯಿರಿ. ಶಟರ್ ತೆರೆದಿರುವಾಗ ಕ್ಯಾಮೆರಾ ಅಲ್ಲಾಡಿದರೆ ಇನ್ನೂ ಒಳ್ಳೆಯದು, ಗೋಡೆಯ ಕಲೆಗಳು ಕಲಸಿಹೋಗಿ ಸೆನ್ಸರ್‌ನ ಚುಕ್ಕೆ ಮಾತ್ರ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ, ನೂರು ಪರ್ಸೆಂಟ್ ಹಿಗ್ಗಿಸಿ ನೋಡಿ. ಲೆನ್ಸ್ ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಸೆನ್ಸರ್‌ನದ್ದೇ. ವ್ಯೂಫೈಂಡರ್‌ನಲ್ಲಿ ಕಾಣುತ್ತದೆ, ಫೋಟೊದಲ್ಲಿ ಇಲ್ಲ ಎಂದಾದರೆ ಅದು ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರುವ ಕ್ಯಾಮೆರಾದ) ಫೋಕಸಿಂಗ್ ಸ್ಕ್ರೀನ್ ಮೇಲಿನ ದೂಳು. ಅದರ ಗೊಡವೆ ಬೇಡ. ಆ ಸ್ಕ್ರೀನ್ ತುಂಬ ಮೆದು, ಒರೆಸಿದರೆ ಗೀರು ಖಂಡಿತ.

ಜಾಗ ಗುರುತಿಸುವಾಗ ಹಲವರು ತಪ್ಪುತ್ತಾರೆ. ಕ್ಯಾಮೆರಾ ನೆಟ್ಟಗಿಟ್ಟು ಮುಂದಿನಿಂದ ಒಳಗೆ ಇಣುಕಿದಾಗ ಮೇಲು-ಕೆಳಗು ಮಾತ್ರ ಅದಲುಬದಲು, ಎಡ-ಬಲ ಹಾಗೇ ಇರುತ್ತದೆ. ಫೋಟೊದ ಮೇಲಿನ ಎಡಮೂಲೆಯ ಚುಕ್ಕೆಯನ್ನು ಸೆನ್ಸರ್‌ನ ಕೆಳಗಿನ ಎಡಮೂಲೆಯಲ್ಲಿ ಹುಡುಕಿ.

ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬಹುದೇ? ಕಿವಿಗೆ ಹಾಕುವ ಬಡ್ಸ್‌ನಿಂದ ಮೆಲ್ಲಗೆ ಒರೆಸಿದರೆ? (ಕೆಜಿಎಫ್)

ಎರಡೂ ಬೇಡ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ, ಒತ್ತಡಕ್ಕೆ ಶಟರ್‌ನ ತೆಳು ಪರದೆ ಬಾಗಬಹುದು. ಡಬ್ಬಿಯಲ್ಲಿ ಬರುವ ಗಾಳಿಯೂ ಬೇಡ. ಡಬ್ಬಿ ವಾಲಿದರೆ ಒಳಗಿನ ದ್ರವವೇ ಚಿಮ್ಮಿ ಗಾಜಿಗೆ ಅಂಟುತ್ತದೆ. ಬಾಯಿಂದ ಊದಿದರೆ ಎಂಜಲು.

ಬಡ್ಸ್ ವಿಷಯಕ್ಕೆ ನಿಮ್ಮ ಊರಿನವರು ಉಳಿದವರಿಗಿಂತ ಹೆಚ್ಚು ಹೆದರಬೇಕು. ಕೆಜಿಎಫ್‌ನ ಸೈನೈಡ್ ದಿಬ್ಬಗಳು ಎಂದರೆ ಚಿನ್ನದ ಅದಿರು ಅರೆದು ಬಿಟ್ಟ ಪುಡಿ. ಅಲ್ಲಿ ಚಿನ್ನ ಇದ್ದದ್ದೇ ಸ್ಫಟಿಕ ಶಿಲೆಯಲ್ಲಿ. ಚಿಕ್ಕಬಳ್ಳಾಪುರದ ಕ್ರಷರ್ ದೂಳೂ ಗ್ರಾನೈಟ್‌ನದ್ದು, ಅದರಲ್ಲೂ ಸ್ಫಟಿಕವಿದೆ. ಗಡಸುತನದ ಮೋಸ್ ಮಾಪಕದಲ್ಲಿ ಸ್ಫಟಿಕ 7, ಸಾಮಾನ್ಯ ಗಾಜು 5.5ರ ಆಸುಪಾಸು. ಅಂಥ ಕಣದ ಮೇಲೆ ಹತ್ತಿ ಇಟ್ಟು ಎಳೆದರೆ ಗಾಜಿನ ಮೇಲೆ ಉಪ್ಪುಕಾಗದ ಉಜ್ಜಿದಂತೆ. ಕರಾವಳಿಯಲ್ಲೋ ಮಲೆನಾಡಲ್ಲೋ ಒರೆಸಿ ಪಾರಾದವರ ಮಾತು ಇಲ್ಲಿ ನಡೆಯುವುದಿಲ್ಲ.

ರಬ್ಬರ್ ಬುರುಡೆಯ ದೊಡ್ಡ ಬ್ಲೋವರ್ ಒಂದು ಕೊಳ್ಳಿ. ಕ್ಯಾಮೆರಾದ ಬಾಯಿ ನೆಲ ನೋಡುವಂತೆ ಹಿಡಿದು, ಬ್ಲೋವರ್ ಮೂತಿಯನ್ನು ಮೌಂಟ್‌ನ (ಲೆನ್ಸ್ ಕೂರುವ ಬಳೆಯ) ಅಂಚು ದಾಟಿಸದೆ, ಹತ್ತು ಹದಿನೈದು ಸಲ ಜೋರಾಗಿ ಒತ್ತಿ. ಒಳಗೆ ಹೊಡೆಯುವ ಮೊದಲು ಹೊರಗೆ ನಾಲ್ಕೈದು ಸಲ ಒತ್ತಿ ಬುರುಡೆಯೊಳಗಿನ ದೂಳು ತೆಗೆಯಿರಿ. ಒಣ ದೂಳಿನ ಬಹುಪಾಲು ಇದರಲ್ಲೇ ಹೋಗುತ್ತದೆ. ಹೋಗದಿರುವುದು ಅಂಟಿನದ್ದು: ಯುಗಾದಿ ಹೊತ್ತಿನ ಹೂವಿನ ಪರಾಗ, ಎಣ್ಣೆ, ಇಬ್ಬನಿಯಲ್ಲಿ ನೆಂದು ಒಣಗಿದ ಮಣ್ಣು.

ಬ್ಲೋವರ್‌ಗೆ ಬಗ್ಗದ ಚುಕ್ಕೆಗಳಿವೆ. ಸ್ವಾಬ್ ಮತ್ತು ದ್ರಾವಣದಿಂದ ನಾವೇ ತೆಗೆಯಬಹುದೇ? ಹಂತಗಳನ್ನು ತಿಳಿಸಿ. (ಕೋಲಾರ)

ಕೈ ನಡುಗದವರು ಧೈರ್ಯವಾಗಿ ಮಾಡಬಹುದು. ಆದರೆ ಮೊದಲು ಬ್ಲೋವರ್. ಗಟ್ಟಿ ಕಣ ಉಳಿದಿರುವಾಗ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಒರೆಸುವ ಕಡ್ಡಿ) ಎಳೆಯಬಾರದು.

ಸ್ವಾಬ್ ಅಗಲ ಸೆನ್ಸರ್‌ನ ಎತ್ತರಕ್ಕೆ ಹೊಂದಬೇಕು. ಎಪಿಎಸ್-ಸಿ ಸೆನ್ಸರ್ ಸುಮಾರು 23.6 x 15.6 ಮಿ.ಮೀ., ಅದಕ್ಕೆ 16 ಮಿ.ಮೀ. ಸ್ವಾಬ್. ಫುಲ್ ಫ್ರೇಮ್ 36 x 24, ಅದಕ್ಕೆ 24 ಮಿ.ಮೀ. ಮೊಹರು ಮಾಡಿದ ಪೊಟ್ಟಣದ್ದೇ ಬೇಕು. ದ್ರಾವಣ ಸೆನ್ಸರ್‌ಗೆಂದೇ ಮಾಡಿದ್ದಿರಲಿ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಮೆಡಿಕಲ್ ಸ್ಟೋರ್‌ನ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಉಳಿದದ್ದು ನೀರು. ಎರಡೂ ಕಲೆ ಬಿಡುತ್ತವೆ.

ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲೇಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಮೆನುವಿನ ಸ್ವಚ್ಛತೆಯ ಆಯ್ಕೆಯಿಂದ ಕನ್ನಡಿ ಮೇಲೆತ್ತುತ್ತೀರಿ. ನಡುವೆ ಚಾರ್ಜ್ ಮುಗಿದರೆ ಕನ್ನಡಿ, ಶಟರ್ ಎರಡೂ ಸ್ವಾಬ್ ಮೇಲೆ ಬೀಳುತ್ತವೆ. ಬಲ್ಬ್ ಮೋಡ್‌ನಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುವ ಮೋಡ್) ಬೆರಳು ಒತ್ತಿ ಹಿಡಿದು ಮಾಡುವ ಹಳೇ ಉಪಾಯ ಈ ಕಾರಣಕ್ಕೇ ಬೇಡ. ಕನ್ನಡಿಯಿಲ್ಲದ ಮಿರರ್‌ಲೆಸ್ ಆದರೆ ಸಾಮಾನ್ಯವಾಗಿ ಆಫ್ ಮಾಡಿದರಾಯಿತು. ಆಫ್ ಆದಾಗ ಶಟರ್ ಮುಚ್ಚಿಕೊಳ್ಳುವ ಮಾದರಿಗಳಲ್ಲಿ ಮಾತ್ರ ಮೆನುವಿನಲ್ಲಿ ಸ್ವಚ್ಛತೆಯ ಆಯ್ಕೆ ಹುಡುಕಬೇಕು.

ಸ್ವಾಬ್‌ನ ಅಂಚಿಗೆ ಎರಡು ಹನಿ, 24 ಮಿ.ಮೀ. ಆದರೆ ಮೂರು. ಸೆನ್ಸರ್ ಮೇಲೆ ನೇರವಾಗಿ ಹಾಕಬೇಡಿ. ಕೆಲವು ಸೆಕೆಂಡ್ ಬಿಟ್ಟರೆ ದ್ರಾವಣ ಬಟ್ಟೆಗೆ ಹರಡುತ್ತದೆ. ಸೆನ್ಸರ್‌ನ ಒಂದು ತುದಿಯಲ್ಲಿ ಇಟ್ಟು, ಹಿಡಿಯನ್ನು ಎಳೆಯುವ ದಿಕ್ಕಿಗೆ ವಾಲಿಸಿ, ಸ್ವಾಬ್‌ನ ತುದಿ ತುಸು ಬಾಗುವಷ್ಟು ಮಾತ್ರ ಒತ್ತಿ, ಆ ತುದಿಯವರೆಗೆ ಒಂದೇ ಎಳೆತ. ನಡುವೆ ನಿಲ್ಲಬೇಡಿ. ಈಗ ಸ್ವಾಬ್‌ನ ಇನ್ನೊಂದು ಮುಖದಿಂದ ವಾಪಸು ಒಂದೇ ಎಳೆತ. ಆಮೇಲೆ ಅದನ್ನು ಎಸೆಯಿರಿ. ‘ಇನ್ನೂ ಬೆಳ್ಳಗಿದೆಯಲ್ಲ’ ಎಂದು ಮತ್ತೆ ಬಳಸುವವರೇ ಗೀರಿನ ಫೋಟೊ ಕಳಿಸುವವರು.

ಸೆನ್ಸರ್‌ನೊಳಗೇ ಸ್ಟೆಬಿಲೈಸೇಷನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಕ್ಯಾಮೆರಾಗಳಲ್ಲಿ ಸೆನ್ಸರ್ ಅಲ್ಲಾಡುತ್ತದೆ. ಗಾಬರಿ ಬೇಡ, ಇನ್ನೂ ಹಗುರವಾಗಿ ಎಳೆಯಿರಿ.

ಒರೆಸಿದ ಮೇಲೆ ಚುಕ್ಕೆ ಹೋಗಿ ಬಳೆಯಂಥ ಗುರುತು ಬಂದಿದೆ. (ಮಧುಗಿರಿ)

ದ್ರಾವಣ ಹೆಚ್ಚಾಗಿ, ಒಣಗುವಾಗ ಉಳಿದ ಅಂಚು ಅದು. ಹೊಸ ಸ್ವಾಬ್, ಒಂದು ಹನಿ ಕಡಿಮೆ, ಹೋಗುತ್ತದೆ. ಮೂಲೆಗಳಿಗೆ ಮಾತ್ರ ಕಸ ಸೇರಿದ್ದರೆ ಎಳೆತ ಅಂಚಿನವರೆಗೆ ಮುಟ್ಟಿಲ್ಲ.

ಅಂಚು ಸ್ಪಷ್ಟವಾಗಿರುವ ದುಂಡು ಚುಕ್ಕೆಗಳು ಒರೆಸಿದ ಕೆಲವೇ ವಾರಗಳಲ್ಲಿ ಮತ್ತೆ ಮತ್ತೆ ಬಂದರೆ ಶಟರ್ ಭಾಗದ ಎಣ್ಣೆ ಸಿಡಿಯುತ್ತಿರಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಇದಕ್ಕೇ ಹೆಸರಾಗಿತ್ತು. 2014ರಲ್ಲಿ ಕಂಪನಿಯೇ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಇನ್ನು ಎಷ್ಟು ಒರೆಸಿದರೂ ಅಲುಗದ ಗೆರೆ ಇದ್ದರೆ ಅದು ಗೀರು. ಒರೆಸುವುದು ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಕೊಡಿ. ಮುಂದಿನ ಫಿಲ್ಟರ್ ಬದಲಿಸಬೇಕಾಗಬಹುದು.

ಕ್ಯಾಮೆರಾದಲ್ಲೇ ಇರುವ ‘ಸೆನ್ಸರ್ ಕ್ಲೀನಿಂಗ್’ ಸುಮ್ಮನೆ ತೋರಿಕೆಗೋ? (ಗೌರಿಬಿದನೂರು)

ಅಲ್ಲ. 2003ರ ಒಲಿಂಪಸ್ ಇ-1ನಿಂದ ಬಂದ ವಿದ್ಯೆ ಇದು. ಫಿಲ್ಟರ್ ಗಾಜನ್ನು ಅತಿವೇಗವಾಗಿ ಕಂಪಿಸಿ ಕಣಗಳನ್ನು ಉದುರಿಸುತ್ತದೆ. ಒಣ ದೂಳಿಗೆ ಪರವಾಗಿಲ್ಲ, ಅಂಟಿದ್ದಕ್ಕೆ ಆಗುವುದಿಲ್ಲ. ಉದುರಿದ್ದು ಕೆಳಗಿನ ಅಂಟುಪಟ್ಟಿಗೆ ಬೀಳಬೇಕಾದ್ದರಿಂದ ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗಿಟ್ಟೇ ಒತ್ತಿ.

ಮೈದನಹಳ್ಳಿಯಲ್ಲಿ ಕೃಷ್ಣಮೃಗದ ಚಿತ್ರ ತೆಗೆಯುವಾಗ ಲೆನ್ಸ್ ಬದಲಿಸಲೇಬೇಕಾಗುತ್ತದೆ. ದೂಳು ತಡೆಯುವುದು ಹೇಗೆ? (ತುಮಕೂರು)

ಬಯಲಲ್ಲಿ ಬದಲಿಸಬೇಡಿ. ಕಾರಿನ ಗಾಜು ಏರಿಸಿ, ಎಸಿ ಗಾಳಿ ನಿಲ್ಲಿಸಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ. ಹೊಸ ಲೆನ್ಸ್‌ನ ಹಿಂದಿನ ಮುಚ್ಚಳ ಮೊದಲೇ ಸಡಿಲಿಸಿಟ್ಟುಕೊಂಡರೆ ಕ್ಯಾಮೆರಾ ತೆರೆದಿರುವುದು ಮೂರ್ನಾಲ್ಕು ಸೆಕೆಂಡ್ ಮಾತ್ರ. ಕಾರಿಲ್ಲದಿದ್ದರೆ ಗಾಳಿಗೆ ಬೆನ್ನು ಕೊಟ್ಟು ಅಂಗಿಯ ಮರೆಯಲ್ಲಿ.

ಯಾರೂ ಗಮನಿಸದ ಕಳ್ಳನೆಂದರೆ ಮುಚ್ಚಳ. ಜೇಬಿನ ತಳದ ಕಸ ಹೊತ್ತ ಬಾಡಿ ಕ್ಯಾಪ್ (ಲೆನ್ಸ್ ಇಲ್ಲದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ) ನೇರವಾಗಿ ಸೆನ್ಸರ್‌ನ ಎದುರು ಹೋಗಿ ಕೂರುತ್ತದೆ. ಇದನ್ನೂ ಲೆನ್ಸ್‌ನ ಹಿಂದಿನ ಮುಚ್ಚಳವನ್ನೂ ಒಂದಕ್ಕೊಂದು ತಿರುಗಿಸಿ ಸೇರಿಸಿ ಬ್ಯಾಗಿಗೆ ಹಾಕಿ. ಉದ್ದಕ್ಕೆ ಚಾಚುವ ಜೂಮ್ ಲೆನ್ಸ್‌ಗಳು ಪ್ರತಿ ಸಲ ಗಾಳಿ ಎಳೆದುಕೊಳ್ಳುತ್ತವೆ. ಮನೆಗೆ ಬಂದ ಮೇಲೆ ಚಾಚಿದ ಕೊಳವೆಯನ್ನು ಒಣಬಟ್ಟೆಯಲ್ಲಿ ಒರೆಸಿಯೇ ಒಳಗೆ ತಳ್ಳಿ.

ಮದುವೆ ವಿಡಿಯೊದಲ್ಲಿ, ಹೊರಾಂಗಣದ ದೃಶ್ಯಗಳಲ್ಲಿ ಮಾತ್ರ ಒಂದು ಚುಕ್ಕೆ ನಿಂತಲ್ಲೇ ನಿಂತಿರುತ್ತದೆ. (ಚಿಂತಾಮಣಿ)

ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/50 ಇಟ್ಟರೆ ಅಪರ್ಚರ್ ಎಫ್ 22ಕ್ಕೆ ಹೋಗಲೇಬೇಕು, ಚುಕ್ಕೆ ಕಾಣಲೇಬೇಕು. ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ 8 ಫಿಲ್ಟರ್ ಹಾಕಿದರೆ ಎಫ್ 8, ಎನ್‌ಡಿ 64 ಹಾಕಿದರೆ ಎಫ್ 2.8 ಸಿಗುತ್ತದೆ. ಫೋಟೊದಲ್ಲಾದರೆ ಚುಕ್ಕೆ ಅಳಿಸುವುದು ಕ್ಷಣದ ಕೆಲಸ, ಓಡುವ ವಿಡಿಯೊದಲ್ಲಿ ಅದು ತಲೆನೋವು. ಮದುವೆ ಸೀಸನ್‌ಗೆ ಮೊದಲೇ ಸೆನ್ಸರ್ ನೋಡಿಕೊಳ್ಳಿ.

ದೇವರಾಯನದುರ್ಗದಲ್ಲಿ ತೆಗೆದ ನಕ್ಷತ್ರಗಳ ಚಿತ್ರದಲ್ಲಿ ಕೆಂಪು, ನೀಲಿ ಚುಕ್ಕೆಗಳಿವೆ. ಒರೆಸಬೇಕೇ? (ಗುಬ್ಬಿ)

ಒರೆಸಬೇಡಿ. ದೂಳು ಯಾವತ್ತೂ ಕಪ್ಪು, ಬೂದು. ಬಣ್ಣದ ಚೂಪು ಚುಕ್ಕೆಗಳು ಹಾಟ್ ಪಿಕ್ಸೆಲ್, ಅಂದರೆ ಶಟರ್ ಬಹಳ ಹೊತ್ತು ತೆರೆದಿದ್ದಾಗ ತಾವಾಗಿ ಬೆಳಗುವ ಸೆನ್ಸರ್‌ನ ಬಿಂದುಗಳು. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಮಾಡಿ.

ಮೊಬೈಲ್ ಕ್ಯಾಮೆರಾದಲ್ಲೂ ಹೀಗೇ ಒರೆಸಬಹುದೇ? (ಮಾಲೂರು)

ಹೊರಗಿನ ಗಾಜನ್ನು ಮಾತ್ರ. ಒಳಗೆ ದೂಳು ಹೋಗಿದ್ದರೆ ಬಿಚ್ಚುವ ಕೆಲಸ, ಅದು ರಿಪೇರಿಯವರದ್ದು.

ಕಗ್ಗಲಡುವಿನಲ್ಲಿ ತೆಗೆದ ಕೊಕ್ಕರೆಗಳ ನೂರಾರು ಚಿತ್ರಗಳಲ್ಲಿ ಚುಕ್ಕೆ ಇದೆ. ಒಂದೊಂದಾಗಿ ಅಳಿಸಬೇಕೇ? (ಶಿರಾ)

ಬೇಕಿಲ್ಲ. ಚುಕ್ಕೆ ಎಲ್ಲದರಲ್ಲೂ ಒಂದೇ ಜಾಗದಲ್ಲಿರುವುದೇ ಇಲ್ಲಿ ಅನುಕೂಲ. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಒಂದು ಚಿತ್ರದ ಚುಕ್ಕೆಗಳನ್ನು ‘ಹೀಲ್’ನಿಂದ ಅಳಿಸಿ, ಅದೇ ತಿದ್ದುಪಡಿಯನ್ನು ಉಳಿದವಕ್ಕೆ ಸಿಂಕ್ ಮಾಡಿ. ಚುಕ್ಕೆ ಹುಡುಕಲು ‘ವಿಶುವಲೈಸ್ ಸ್ಪಾಟ್ಸ್’ ಒತ್ತಿದರೆ ಚಿತ್ರ ಕಪ್ಪುಬಿಳುಪಾಗಿ ಅವು ಎದ್ದು ಕಾಣುತ್ತವೆ. ಆಕಾಶ ಬಯಲಾಗಿರುವ ಚಿತ್ರಗಳಿಗೆ ಇದು ಸಾಕು. ರೆಕ್ಕೆಯೋ ಹುಣಸೆ ಕೊಂಬೆಯೋ ಚುಕ್ಕೆಯ ಮೇಲೆ ಬಂದಿರುವ ಚಿತ್ರಗಳನ್ನು ಬೇರೆ ಮಾಡಿ ಕೈಯಾರೆ ತಿದ್ದಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಎಲ್ಲಿಂದಲೋ ತಂದ ಆಕಾಶದ ತುಂಡನ್ನು ಕೊಕ್ಕರೆಯ ಗರಿಯ ನಡುವೆ ಅಂಟಿಸಿಬಿಡುತ್ತದೆ.