ಮನೆ ಮಾಲೀಕರ ಹೆಸರೂ ರಾಜ, ನಮ್ಮ ನಾಯಿಯ ಹೆಸರೂ ರಾಜ

ಪ್ರಶ್ನೆ: ನನಗೆ 36 ವರ್ಷ, ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾಲ್ಕು ತಿಂಗಳ ಹಿಂದೆ ಮಾವನವರು ತೀರಿಕೊಂಡರು. ಊರಿನ ಮನೆಗೆ ಬೀಗ ಹಾಕಿ ಅತ್ತೆಯನ್ನು ನಮ್ಮಲ್ಲಿಗೆ ಕರೆತಂದೆವು. ಮಾವ ಸಾಕಿದ್ದ ನಾಟಿ ನಾಯಿಯೂ ಅವರ ಜೊತೆ ಬಂತು. ಕಂದು ಬಣ್ಣ, ಆರು ವರ್ಷ, 18 ಕೆಜಿ, ಹೆಸರು ರಾಜ. ಮೇಲಿನ ಮನೆಯಲ್ಲಿರುವ ಮಾಲೀಕರ ಹೆಸರೂ ಅದೇ. ಅವರ ತಾಯಿ ದಿನಕ್ಕೆ ಹತ್ತು ಸಲ ‘ರಾಜಾ’ ಎಂದು ಕೂಗುತ್ತಾರೆ, ಇದು ಮೆಟ್ಟಿಲು ಹತ್ತಿ ಓಡುತ್ತದೆ. ಬೆಳಿಗ್ಗೆ ಹಾಲಿನವನನ್ನು ನೋಡಿ ಬೊಗಳಿದರೆ ನಮ್ಮ ಮನೆಯವರು ‘ಥೂ ರಾಜಾ, ಬಾಯಿ ಮುಚ್ಚೋ’ ಎಂದು ಗದರುತ್ತಾರೆ. ಮೊನ್ನೆ ಮಾಲೀಕರು ‘ನನ್ನನ್ನೇ ಬೈದ ಹಾಗಿತ್ತು’ ಎಂದು ನಕ್ಕರು. ಆ ನಗು ನನಗೆ ಸರಿ ಕಾಣಲಿಲ್ಲ. ಒಂಬತ್ತು ವರ್ಷದ ಮಗಳು ಆಗಲೇ ‘ಬ್ರೂನೋ’ ಎಂದು ಕರೆಯಲು ಶುರು ಮಾಡಿದ್ದಾಳೆ. ಅದನ್ನು ಕೇಳಿ ಅತ್ತೆ ಊಟ ಬಿಟ್ಟು ಎದ್ದುಹೋದರು. ‘ಅವರು ಇಟ್ಟ ಹೆಸರು, ನಾನಿರುವ ತನಕ ಬದಲಿಸಬೇಡಿ’ ಎನ್ನುತ್ತಾರೆ. ‘ಆರು ವರ್ಷದ ನಾಯಿ ಇನ್ನೇನು ಕಲಿಯುತ್ತೆ’ ಅನ್ನೋದು ನಮ್ಮವರ ಮಾತು. ನಾನೇನು ಮಾಡಲಿ?

– ಹೆಸರು ಬೇಡ, ಮೈಸೂರು

ಉತ್ತರ: ರಾಜ ಎಂಬ ಹೆಸರನ್ನು ತೆಗೆಯಬೇಡಿ. ಅದರ ಜೊತೆಗೆ ಇನ್ನೊಂದು ಹೆಸರು ಕಲಿಸಿ. ಗೇಟು, ಅಂಗಳ, ಬೀದಿಗೆ ಹೊಸ ಹೆಸರು. ಮನೆಯೊಳಗೆ ಅತ್ತೆಯ ಬಾಯಲ್ಲಿ ರಾಜ. ಎಲ್ಲರಿಗೂ ಸಮಾಧಾನ ಹೇಳುವ ಉಪಾಯದಂತೆ ಕಂಡರೂ ನಾಯಿಯ ದೃಷ್ಟಿಯಿಂದಲೂ ಇದೇ ಒಳ್ಳೆಯದು.

ನಾಯಿಗೆ ಹೆಸರೆಂದರೆ ತಾನು ಯಾರು ಎಂಬುದಲ್ಲ. ‘ಈ ಸದ್ದು ಕೇಳಿದ ಮೇಲೆ ನನಗೆ ಸಂಬಂಧಪಟ್ಟಿದ್ದು ಏನೋ ನಡೆಯುತ್ತದೆ’ ಎಂಬ ಸೂಚನೆ, ಅಷ್ಟೇ. ಹಾಗಾಗಿ ಎರಡು ಹೆಸರಿದ್ದರೆ ಅದಕ್ಕೆ ಗಲಿಬಿಲಿಯಾಗುವುದಿಲ್ಲ. ಒಂದೇ ಹೆಸರು ಒಮ್ಮೆ ಅನ್ನ, ಒಮ್ಮೆ ಬೈಗುಳ, ಒಮ್ಮೆ ಸ್ನಾನ, ಒಮ್ಮೆ ಏನೂ ಅಲ್ಲ ಎಂದಾದಾಗ ಗಲಿಬಿಲಿ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಅದೇ. ಮೇಲಿನ ಮನೆಯ ಅಜ್ಜಿ ಕೂಗಿದಾಗಲೆಲ್ಲ ಇದು ಓಡುತ್ತದೆ, ಅಲ್ಲಿ ಸಿಗುವುದು ಏನೂ ಇಲ್ಲ. ಹೀಗೇ ಕೆಲವು ತಿಂಗಳು ನಡೆದರೆ ‘ರಾಜಾ’ ಎಂದಾಗ ಕಿವಿ ಅಲುಗಿಸುವುದನ್ನೂ ಬಿಟ್ಟುಬಿಡುತ್ತದೆ. ಆಗ ಗೇಟು ದಾಟಿ ಓಡಿದ ದಿನ ಆ ಹೆಸರು ಹಿಡಿದು ಕೂಗಿದರೂ ಪ್ರಯೋಜನವಿಲ್ಲ. ಮಾಲೀಕರ ಮುನಿಸಿಗಿಂತ ದೊಡ್ಡ ತೊಂದರೆ ಇದು. ಅತ್ತೆಗೂ ಇದನ್ನೇ ಹೇಳಿ: ಹೊಸ ಹೆಸರು ಬೀದಿಯ ಗದ್ದಲವನ್ನೆಲ್ಲ ಹೊತ್ತುಕೊಂಡರೆ, ಮಾವನವರು ಇಟ್ಟ ಹೆಸರು ಕೆಡದೆ ಉಳಿಯುತ್ತದೆ.

ವಯಸ್ಸಿನ ಮಾತು. ಆರು ವರ್ಷದ ನಾಯಿ ಹೊಸ ಹೆಸರನ್ನು ಆರಾಮವಾಗಿ ಕಲಿಯುತ್ತದೆ. ಮನೆಯೊಳಗೆ ತಿರುಗಿ ನೋಡಲು ಸಾಮಾನ್ಯವಾಗಿ ಕೆಲವೇ ದಿನ ಸಾಕು, ಬೀದಿಯಲ್ಲಿ ನಂಬುವಂತಾಗಲು ಮೂರು ನಾಲ್ಕು ವಾರ. ಹಳೆಯ ಹೆಸರಿಗೆ ಹೆದರುವ ನಾಯಿಗಳಿಗಂತೂ, ಅಂದರೆ ಹೆಸರು ಕೇಳಿದೊಡನೆ ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿ, ತುಟಿ ನೆಕ್ಕಿಕೊಳ್ಳುವ ನಾಯಿಗಳಿಗೆ, ಹೆಸರು ಬದಲಿಸುವುದೇ ಉಪಕಾರ. ನಿಮ್ಮದು ಮೆಟ್ಟಿಲು ಹತ್ತಿ ಓಡುವ ನಾಯಿ. ರಾಜ ಎಂಬ ಹೆಸರು ಅದಕ್ಕಿನ್ನೂ ಇಷ್ಟವೇ.

ಶುರು ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ನಾಯಿ ಬೇರೆ ಕಡೆ ನೋಡುತ್ತಿರುವಾಗ ಐದಾರು ಅಡಿ ಹಿಂದೆ ನಿಂತು, ಸಪ್ಪೆ ದನಿಯಲ್ಲಿ ‘ರಾಜಾ’ ಎನ್ನಿ. ಐದು ನಿಮಿಷ ಬಿಟ್ಟು ಅದೇ ದನಿಯಲ್ಲಿ ‘ಚಾಪೆ’ ಎನ್ನಿ. ಎರಡಕ್ಕೂ ತಿರುಗಿದರೆ ಅದು ಗುರುತಿಸುತ್ತಿರುವುದು ದನಿಯನ್ನು, ಹೆಸರನ್ನಲ್ಲ. ಯಾವುದಕ್ಕೂ ತಿರುಗದಿದ್ದರೆ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ. ಅದಕ್ಕೂ ಅಲುಗದಿದ್ದರೆ ಪಶುವೈದ್ಯರ ಹತ್ತಿರ ಕಿವಿ ತೋರಿಸಿ. ಕಿವಿಯೊಳಗಿನ ಸೋಂಕು ನಮ್ಮ ನಾಟಿ ನಾಯಿಗಳಲ್ಲೂ ಸಾಮಾನ್ಯ, ಎಷ್ಟೋ ಸಲ ಮೊಂಡು ಎಂದು ಬೈಸಿಕೊಳ್ಳುವ ನಾಯಿಗೆ ಇರುವುದು ಕಿವಿನೋವು.

ಇನ್ನು ಯಾವ ಹೆಸರು ಎಂಬುದು. ಬ್ರೂನೋ ಬೇಡ. ಕಾರಣ ಎರಡು. ಮನೆಯಲ್ಲಿ ಮಗು ಇದೆ, ‘ನೋ’ ಎಂಬ ಮಾತು ದಿನವಿಡೀ ಓಡಾಡುತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅತ್ತೆ ಅದನ್ನು ‘ಬುರುನ’ ಎನ್ನುತ್ತಾರೆ, ಇಲ್ಲವೇ ಬೇಕೆಂದೇ ಹೇಳುವುದಿಲ್ಲ. ಮನೆಯ ನಾಲ್ವರೂ ಒಂದೇ ರೀತಿ ಉಚ್ಚರಿಸಲು ಬರುವ ಹೆಸರೇ ನಾಯಿಗೆ ಸುಲಭ. ನಾವು ಕರೆಯುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ, ವ್ಯಂಜನದಲ್ಲಿ ಮುಗಿಯುವ ಹೆಸರಿಗೆ ಒಂದು ಉಕಾರ ಅಂಟಿಸುತ್ತೇವೆ. ಹೀಗಾಗಿ ಮಗಳ ‘ಮ್ಯಾಕ್ಸ್’ ಅತ್ತೆಯ ಬಾಯಲ್ಲಿ ‘ಮ್ಯಾಕ್ಸೂ’ ಆಗುತ್ತದೆ. ಎರಡಕ್ಷರದ, ಸ್ವರದಲ್ಲಿ ಮುಗಿಯುವ, ಕ, ಟ, ಚ, ಪ ದಂಥ ಗಟ್ಟಿ ಸದ್ದಿರುವ ಹೆಸರು ಆರಿಸಿ.

ಹೆಸರು ಆಜ್ಞೆಗಳನ್ನು ಹೋಲದಂತೆಯೂ ನೋಡಿಕೊಳ್ಳಿ. ‘ಬಾ’ ಎಂದು ಕರೆಯುವ ಮನೆಯಲ್ಲಿ ‘ಬಾಲು’, ‘ಬೇಡ’ ಎಂದು ತಡೆಯುವ ಮನೆಯಲ್ಲಿ ‘ಬೇಬಿ’, ‘ಸಿಟ್’ ಎನ್ನುವ ಮನೆಯಲ್ಲಿ ‘ಸೀತು’ ತೊಂದರೆ ಕೊಡುತ್ತವೆ. ಬುಡಾಪೆಸ್ಟ್‌ನ ಎಟ್ವಶ್ ಲೊರಾಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ನಾಯಿಗಳ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಗೊತ್ತಿರುವ ಮಾತಿಗೂ ತೀರಾ ಬೇರೆಯಾದ ಅರ್ಥಹೀನ ಸದ್ದಿಗೂ ನಾಯಿಗಳ ಮೆದುಳು ವ್ಯತ್ಯಾಸ ತೋರಿಸಿತು. ಒಂದೇ ಒಂದು ಧ್ವನಿ ಬದಲಿಸಿದ ಮಾತಿಗೆ ಆ ವ್ಯತ್ಯಾಸ ಕಾಣಲಿಲ್ಲ. ‘ಹಳೆಯ ಹೆಸರಿಗೆ ಪ್ರಾಸವಾಗುವಂಥದ್ದನ್ನೇ ಇಡಿ, ಬೇಗ ಕಲಿಯುತ್ತದೆ’ ಎಂಬ ಸಲಹೆಗೆ ಅಲ್ಲಿ ಸ್ವಲ್ಪ ಆಧಾರವಿದೆ. ನಿಮಗೆ ಮಾತ್ರ ಅದು ಉಲ್ಟಾ ಹೊಡೆಯುತ್ತದೆ: ‘ಬಾಜಾ’ ಎಂದಿಟ್ಟರೆ ಮೇಲಿನ ಅಜ್ಜಿಯ ‘ರಾಜಾ’ಗೂ ನಾಯಿ ಓಡುತ್ತದೆ, ಮೇಲಿನವರ ಕಿವಿಗೂ ಅದು ‘ರಾಜಾ’ ಎಂದೇ ಬೀಳುತ್ತದೆ.

ಕಂದು ನಾಯಿಗೆ ಚಿಕ್ಕು, ಟೋಬಿ, ಕೋಕೋ, ಇಂಥವು ನಡೆಯುತ್ತವೆ. ಬಣ್ಣ ನೋಡಿ ಕರಿಯ, ಕೆಂಚ ಎಂದಿಡುವುದು ನಮ್ಮಲ್ಲಿ ರೂಢಿ. ಆದರೆ ಅವು ಮನುಷ್ಯರ ಹೆಸರೂ ಹೌದು, ಬೀದಿಯಲ್ಲಿ ಒಬ್ಬ ಕೆಂಚಣ್ಣನಿದ್ದರೆ ಕತೆ ಮತ್ತೆ ಮೊದಲಿಂದ. ಮಗಳು ಮೂರು ಹೆಸರು ಬರೆದುಕೊಡಲಿ, ಅದರಲ್ಲಿ ಒಂದನ್ನು ಅತ್ತೆ ಆರಿಸಲಿ. ಅತ್ತೆ ಆರಿಸಿದ ಹೆಸರನ್ನು ಅತ್ತೆಯೇ ವಿರೋಧಿಸುವುದು ಕಷ್ಟ ಎಂಬ ಲೆಕ್ಕವೂ ಇದರಲ್ಲಿದೆ, ಸುಳ್ಳೇಕೆ. ಚಿಕ್ಕು ಎಂದಿಟ್ಟುಕೊಂಡು ಮುಂದೆ ಹೇಳುತ್ತೇನೆ.

ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಎರಡು ಮೂರು ನಿಮಿಷ, ಹತ್ತು ಬಾರಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ. ನಲವತ್ತು ಚೂರಿಗೆ ಸುಮಾರು 40 ಗ್ರಾಂ. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲವೆಂದರೆ ಉಪ್ಪಿಲ್ಲದ ಪನೀರ್ ಅಥವಾ ಬೇಯಿಸಿದ ಗೆಣಸು. ಪನೀರಿನಲ್ಲಿ ಕೊಬ್ಬು ಹೆಚ್ಚು, 25 ಗ್ರಾಂ ದಾಟಿಸಬೇಡಿ. ಇಂಥ ಮೇಲು ತಿಂಡಿ ದಿನದ ಒಟ್ಟು ಆಹಾರದ ಶೇ 10ರೊಳಗಿರಲಿ, ರಾತ್ರಿಯ ಊಟದಲ್ಲಿ ಅಷ್ಟು ಕಡಿಮೆ ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮಗಳಿಗೆ ಇದನ್ನು ಎರಡು ಸಲ ಹೇಳಿ.

ಮೊದಲ ದಿನ ನಾಯಿ ತಿರುಗಲಿ ಎಂದು ಕಾಯಬೇಡಿ. ಸದ್ದಿಲ್ಲದ ಕೋಣೆ, ‘ಚಿಕ್ಕು’ ಎಂದು ಒಂದೇ ಸಲ, ಖುಷಿಯ ದನಿಯಲ್ಲಿ. ಒಂದು ಸೆಕೆಂಡಿನೊಳಗೆ ಚೂರು ಬಾಯಿಗೆ. ಕೈ ಅಲುಗಬೇಕಾದ್ದು ಹೆಸರು ಹೇಳಿದ ಮೇಲೆ. ಮೊದಲೇ ಜೇಬಿಗೆ ಕೈ ಹಾಕಿದರೆ ನಾಯಿ ಕೈಯನ್ನು ಕಲಿಯುತ್ತದೆ, ಹೆಸರನ್ನಲ್ಲ. ಎರಡನೆಯ ದಿನದಿಂದ ಅದು ಬೇರೆ ಕಡೆ ನೋಡುವಾಗ ಹೇಳಿ, ತಿರುಗಿದ ಮೇಲೆ ಕೊಡಿ. ತಿರುಗದಿದ್ದರೆ ‘ಚಿಕ್ಕು ಚಿಕ್ಕು ಚಿಕ್ಕು’ ಎಂದು ಜಪ ಮಾಡಬೇಡಿ, ಮೂರನೆಯ ಸಲಕ್ಕೆ ತಿರುಗಿದರೆ ಸಾಕು ಎಂದು ನೀವೇ ಕಲಿಸಿದಂತಾಗುತ್ತದೆ.

ಇಲ್ಲಿಯೇ ಹಳೆಯ ಹೆಸರು ಕೆಲಸಕ್ಕೆ ಬರುವುದು, ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಎರಡೂ ಹೆಸರು ಸೇರಿಸಿ ‘ರಾಜಾ ಚಿಕ್ಕು’ ಎನ್ನುತ್ತಾರೆ. ರಾಜಾ ಎಂದೊಡನೆ ನಾಯಿ ತಿರುಗಿಯಾಯಿತು. ಆಮೇಲೆ ಬಂದ ‘ಚಿಕ್ಕು’ ಹೊಸದೇನನ್ನೂ ತಿಳಿಸುವುದಿಲ್ಲ, ಅದು ಬರೀ ಗಲಾಟೆ. ತಿಂಗಳಾದರೂ ಕಲಿಯುವುದಿಲ್ಲ. ಹೊಸದು ಮೊದಲು ಬರಬೇಕು: ‘ಚಿಕ್ಕು’, ಒಂದು ಸೆಕೆಂಡ್ ಬಿಟ್ಟು ‘ರಾಜಾ’, ತಿರುಗಿದೊಡನೆ ಚೂರು. ಇಪ್ಪತ್ತು ಮೂವತ್ತು ಸಲ ಹೀಗೆ ಮಾಡಿದರೆ ಮುಂದೆ ಬರುವುದನ್ನು ನಾಯಿ ಊಹಿಸಲು ಕಲಿತು, ‘ಚಿಕ್ಕು’ ಎಂದಾಗಲೇ ತಿರುಗತೊಡಗುತ್ತದೆ. ಆಗ ಹಿಂದಿನ ‘ರಾಜಾ’ವನ್ನು ಬಿಟ್ಟುಬಿಡಿ.

ಹತ್ತಕ್ಕೆ ಎಂಟು ಸಲ ತಿರುಗುತ್ತಿದೆ ಎಂದಾದ ಮೇಲೆ ಜಾಗ ಬದಲಿಸಿ. ಪಕ್ಕದ ಕೋಣೆ, ಅಡುಗೆಮನೆ, ಆಮೇಲೆ ಅಂಗಳ, ಆಮೇಲೆ ಬೆಲ್ಟ್ ಹಾಕಿಕೊಂಡು ಬೀದಿ. ಹೊಸ ಜಾಗಕ್ಕೆ ಹೋದಾಗ ಲೆಕ್ಕ ಕೆಳಗಿಳಿಯುವುದು ಸಹಜ. ಅಲ್ಲಿ ಒಂದೆರಡು ದಿನ ಮೊದಲ ದಿನದ ಪಾಠಕ್ಕೆ ಹಿಂತಿರುಗಿ. ಮನೆಯವರೆಲ್ಲ ಸರದಿಯಲ್ಲಿ ಮಾಡಿ, ಒಬ್ಬರೇ ಮಾಡಿದರೆ ನಾಯಿ ಅವರೊಬ್ಬರ ದನಿಗೆ ಮಾತ್ರ ತಿರುಗುತ್ತದೆ. ಮೊದಲ ತಿಂಗಳು ಬುಜ್ಜಿ, ಕಂದ, ಚಿನ್ನಿ ಯಾವುದೂ ಬೇಡ. ದೀಪಾವಳಿಯ ಆಸುಪಾಸಿನಲ್ಲಿ ಶುರು ಮಾಡಬೇಡಿ, ಹೊಸ ಹೆಸರಿಗೂ ಪಟಾಕಿ ಸದ್ದಿಗೂ ನಂಟು ಬಿದ್ದರೆ ಬಿಡಿಸುವುದು ಕಷ್ಟ.

ಈಗ ನಿಮ್ಮ ಮನೆಯವರ ವಿಷಯ. ಹೊಸ ಹೆಸರನ್ನು ಒಂದು ವಾರದಲ್ಲಿ ಕೆಡಿಸಬಲ್ಲವರು ಅವರೇ. ‘ಥೂ ಚಿಕ್ಕು, ಬಾಯಿ ಮುಚ್ಚೋ’ ಎಂದು ನಾಲ್ಕು ಬೆಳಿಗ್ಗೆ ಕೂಗಿದರೆ ನೀವು ತಿನ್ನಿಸಿದ ಕೋಳಿಯೆಲ್ಲ ವ್ಯರ್ಥ. ಬೈಯಲೇಬೇಕೆನಿಸಿದರೆ ಹೆಸರಿಲ್ಲದೆ ಬೈಯಲಿ. ಸ್ನಾನ, ಉಗುರು ಕತ್ತರಿಸುವುದು, ಔಷಧಿ, ಕಟ್ಟಿಹಾಕುವುದು, ಇವುಗಳಿಗೂ ಮೊದಲ ತಿಂಗಳು ಹೆಸರು ಹಿಡಿದು ಕರೆಯಬೇಡಿ, ನೀವೇ ಎದ್ದುಹೋಗಿ ಹಿಡಿದುಕೊಂಡು ಬನ್ನಿ. ಬೊಗಳುವುದು ಹೆಸರು ಬದಲಿಸಿದರೆ ನಿಲ್ಲುವುದಿಲ್ಲ. ಗೇಟಿನ ಆಚೆ ಅಪರಿಚಿತ, ಈಚೆ ಯಜಮಾನನೂ ಕೂಗುತ್ತಿದ್ದಾನೆ. ನಾಯಿಗೆ ಅದು ಜೊತೆಗೂಡಿ ಬೊಗಳಿದ ಹಾಗೆ. ಹಾಲಿನವನು ಬರುವ ಐದು ನಿಮಿಷ ಮೊದಲು ಅದನ್ನು ಒಳಗೆ ಕರೆದುಕೊಂಡು ಬೆಳಗಿನ ಊಟದ ಒಂದು ಭಾಗವನ್ನು ಅಲ್ಲೇ ಹಾಕಿ. ‘ಚಿಕ್ಕು’ ಎಂದು ಕರೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

ಅತ್ತೆಗೆ ಒಂದು ಕೆಲಸ ಕೊಡಿ. ಮಧ್ಯಾಹ್ನದ ಅನ್ನ ಹಾಕುವಾಗ ಮನೆಯೊಳಗೆ, ಬಾಗಿಲು ಮುಂದೆ ಮಾಡಿಕೊಂಡು, ‘ರಾಜಾ’ ಎಂದು ಅವರೇ ಕರೆಯಲಿ. ಆ ಹೆಸರಿನ ಹಿಂದೆ ಪ್ರತಿದಿನ ಊಟ ಇರುವವರೆಗೆ ಅದು ಸಾಯುವುದಿಲ್ಲ. ನಾಯಿ ಎಂದಾದರೂ ತಪ್ಪಿಸಿಕೊಂಡು ಓಡಿದರೆ ಎರಡೂ ಹೆಸರು ಕೂಗಬಹುದು. ಗಾಬರಿಯಲ್ಲಿರುವ ನಾಯಿಗೆ ಆರು ವರ್ಷ ಕೇಳಿದ ಸದ್ದು ಬೇಗ ತಾಗುವ ಸಂಭವ ಹೆಚ್ಚು. ಆ ಹೆಸರಿಗೆ ಮನೆಯೊಳಗೆ ಊಟ ಸಿಗುತ್ತಿರುವಾಗ ಮೇಲಿನ ಅಜ್ಜಿಯ ಕೂಗಿಗೆ ಓಡುವುದು ಮಾತ್ರ ತಾನಾಗಿ ನಿಲ್ಲುವುದಿಲ್ಲ, ಮೆಟ್ಟಿಲಿಗೆ ಒಂದು ಅಡ್ಡಗೇಟು ಹಾಕಿಸಿ, ಅಥವಾ ಆ ಹೊತ್ತಿಗೆ ನಾಯಿಯನ್ನು ಒಳಗಿಟ್ಟುಕೊಳ್ಳಿ.

ಮಾಲೀಕರಿಗೆ ವಿವರಣೆ ಕೊಡಲು ಹೋಗಬೇಡಿ. ‘ನಿಮ್ಮ ಹೆಸರೇ ಇತ್ತು, ಅದಕ್ಕೇ ಬದಲಿಸಿದೆವು’ ಎಂದರೆ ಮರೆತಿದ್ದನ್ನು ನೆನಪಿಸಿದಂತೆ. ಎದುರು ಸಿಕ್ಕಾಗ ಮಗಳ ಕೈಲಿ ‘ಅಂಕಲ್, ಇವನು ಚಿಕ್ಕು’ ಎಂದು ಹೇಳಿಸಿ, ಮುಗಿಯಿತು.

ಹೊಸ ಹೆಸರು ನಿಂತ ಮೇಲೆ ಕಾಗದಪತ್ರ ಸರಿ ಮಾಡಿಸಿ. ಮುಂದಿನ ರೇಬೀಸ್ ಲಸಿಕೆಗೆ ಹೋದಾಗ ಪುಸ್ತಕದಲ್ಲಿ ‘ಚಿಕ್ಕು ಉರುಫ್ ರಾಜ’ ಎಂದು ಬರೆಸಿ; ಹಳೆಯದನ್ನು ಹೊಡೆದುಹಾಕಿಸಿದರೆ ಹಿಂದಿನ ಲಸಿಕೆಗಳು ಇದೇ ನಾಯಿಯವು ಎಂದು ತೋರಿಸುವುದು ಕಷ್ಟ. ಪಾಲಿಕೆಯ ಪರವಾನಗಿ ಮಾಡಿಸುವಾಗಲೂ ಹಾಗೇ ಇರಲಿ. ಮೈಕ್ರೋಚಿಪ್ ಹಾಕಿಸಿದ್ದರೆ ಅದರಲ್ಲಿರುವುದು ಬರೀ 15 ಅಂಕಿಯ ಸಂಖ್ಯೆ, ಹೆಸರಲ್ಲ. ನೋಂದಣಿಯಲ್ಲಿ ವಿಳಾಸ ಮತ್ತು ಫೋನ್ ನಂಬರ್ ಮೈಸೂರಿನದಾಗಿದೆಯೇ ನೋಡಿಕೊಳ್ಳಿ. ಕುತ್ತಿಗೆ ಪಟ್ಟಿಯ ಬಿಲ್ಲೆಯ ಮೇಲೆ ಜಾಗ ಕಡಿಮೆ ಇದ್ದರೆ ಹೆಸರು ಬಿಟ್ಟು ಫೋನ್ ನಂಬರ್ ಮಾತ್ರ ಕೆತ್ತಿಸಿ, ಸಾಧ್ಯವಾದರೆ ಎರಡು ನಂಬರ್.