ಪುಣೆ–ಮುಂಬೈ: ಮ್ಯಾಪ್ ತೋರಿಸುವ ಸಮಯ ಎಷ್ಟು ನಂಬಬಹುದು?

ಪುಣೆಯ ಕೋಥ್ರೂಡ್‌ನಿಂದ ಮುಂಬೈ ಏರ್‌ಪೋರ್ಟ್‌ಗೆ ಮ್ಯಾಪ್ 3ರಿಂದ 4.5 ಗಂಟೆ ತೋರಿಸುತ್ತಿದೆ, ಅಪ್ಪ-ಅಮ್ಮನ ಫ್ಲೈಟ್‌ಗೆ ಯಾವುದನ್ನು ಹಿಡಿಯಲಿ ಅಂತ ಕೇಳಿದ್ದೀರಿ. ನಾಲ್ಕೂವರೆಯನ್ನೇ ಹಿಡಿಯಿರಿ, ಮೇಲೆ ಒಂದು ಗಂಟೆ ಸೇರಿಸಿ. ಮಧ್ಯದ ಸಂಖ್ಯೆ ಬೇಡವೇ ಬೇಡ. ರಸ್ತೆ ಖಾಲಿ ಇದ್ದರೆ ಉಳಿಯುವುದು ಸ್ವಲ್ಪ ಹೊತ್ತು. ತಡವಾಗುವುದಕ್ಕೆ ಮಾತ್ರ ಮಿತಿಯೇ ಇಲ್ಲ. ಖಂಡಾಲಾ ಘಾಟ್‌ನಲ್ಲಿ ಒಂದು ಟ್ರಕ್ ಕೆಟ್ಟು ನಿಂತರೆ ಸಾಕು, ಹಿಂದೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಭಾನುವಾರ ಸಂಜೆಯಂತೂ ಲೋಣಾವಳದಿಂದ ಮುಂಬೈಗೆ ಮರಳುವ ಕಾರುಗಳೇ ಜಾಸ್ತಿ.

ಎಕ್ಸ್‌ಪ್ರೆಸ್‌ವೇ ಇರುವುದು ಸುಮಾರು 94 ಕಿಲೋಮೀಟರ್, ನವಿ ಮುಂಬೈನ ಕಳಂಬೋಲಿಗೆ ಮುಗಿಯುತ್ತದೆ. ಆಮೇಲೆ ವಾಶಿ, ಚೆಂಬೂರು, ಎಲ್ಲಾ ಊರೊಳಗಿನ ಟ್ರಾಫಿಕ್. ಚಹಾಕ್ಕೆ, ಬಾತ್‌ರೂಮಿಗೆ ನಿಲ್ಲುವ ಹೊತ್ತು ಮ್ಯಾಪ್‌ನ ಲೆಕ್ಕದಲ್ಲಿ ಇರುವುದಿಲ್ಲ. ವಯಸ್ಸಾದವರಿಗೆ ಅದು ಬೇಕೇ ಬೇಕು, ಅಲ್ವಾ? ಈಗಿನ ಸಮಯ ನೋಡಬೇಡಿ, ಹೊರಡುವ ದಿನ ಮತ್ತು ಗಂಟೆ ಹಾಕಿ ಇನ್ನೊಮ್ಮೆ ನೋಡಿ.