ಫ್ರಿಜ್‌ನಲ್ಲಿರುವ ಸೊಪ್ಪು, ಮೊಸರು ಹಾಳಾಗುವ ಮೊದಲು ಖರ್ಚು ಮಾಡೋದು ಹೇಗೆ?

ಸೊಪ್ಪು ಕೊಳೆಯೋದು ಹೆಚ್ಚಾಗಿ ಒದ್ದೆಯಿಂದ. ತಂದ ದಿನವೇ ತೊಳೆದಿಡಬೇಡಿ. ಕೊತ್ತಂಬರಿಯ ಬೇರು ಕತ್ತರಿಸಿ, ಹಳದಿ ಎಲೆ ತೆಗೆದು, ಪೇಪರ್‌ನಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಾಡತೊಡಗಿದರೆ ದಂಟಿನ ಸಮೇತ ಹಸಿಮೆಣಸಿನಕಾಯಿ, ಕಾಯಿತುರಿ, ಚೂರು ಹುಣಸೆಹಣ್ಣು ಹಾಕಿ ಚಟ್ನಿ ರುಬ್ಬಿ. ದಂಟಿನಲ್ಲೂ ಒಳ್ಳೇ ಘಮ ಇರುತ್ತದೆ, ನಾವು ಸುಮ್ನೆ ಎಸೆಯುತ್ತೇವೆ ಅಲ್ವಾ.

ಮೊಸರು ಹುಳಿಯಾಗಿದ್ದರೆ ಮಜ್ಜಿಗೆ ಹುಳಿ ಮಾಡಿ. ಬೂದುಗುಂಬಳವೇ ಬೇಕು ಅಂತೇನಿಲ್ಲ, ಮೂಲೆಯಲ್ಲಿ ಸೊರಗಿ ಬಿದ್ದಿರುವ ಅರ್ಧ ಸೌತೆಕಾಯಿ, ಒಂದು ಸೀಮೆಬದನೆ, ಯಾವುದಾದರೂ ನಡೆಯುತ್ತದೆ. ನೆನೆಸಿದ ಕಡಲೆಬೇಳೆ, ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ ರುಬ್ಬಿ, ಬೆಂದ ತರಕಾರಿ ಹೋಳುಗಳಿಗೆ ಸೇರಿಸಿ ಚೆನ್ನಾಗಿ ಕುದಿಸಿ, ಆಮೇಲೆ ಉರಿ ಸಣ್ಣ ಮಾಡಿ ಕಡೆದ ಮೊಸರು ಹಾಕಿ, ಉಕ್ಕು ಬರುತ್ತಿದ್ದ ಹಾಗೇ ಇಳಿಸಿಬಿಡಿ. ಜಾಸ್ತಿ ಕುದಿಸಿದರೆ ಒಡೆಯುತ್ತದೆ. ಮೇಲೆ ಸಾಸಿವೆ, ಇಂಗಿನ ಒಗ್ಗರಣೆ. ಆದರೆ ಬೂಸ್ಟು ಬಂದ ಮೊಸರನ್ನು ಮಾತ್ರ ಎಸೆದುಬಿಡಿ, ಅದರಲ್ಲಿ ಜಿಪುಣತನ ಬೇಡ.

ಹೀರೆಕಾಯಿ ಸಿಪ್ಪೆ ಚಟ್ನಿ ನಿಮಗೂ ಗೊತ್ತಿರುತ್ತದೆ. ಕಲ್ಲಂಗಡಿ ತಿಂದ ಮೇಲೆ ಉಳಿಯುವ ಬಿಳಿ ಭಾಗದ್ದು ಗೊತ್ತಾ? ಹಸಿರು ಸಿಪ್ಪೆ ಹೆರೆದು, ನೆನೆಸಿದ ಅಕ್ಕಿ ಜೊತೆ ರುಬ್ಬಿದರೆ ಕರಾವಳಿ ಕಡೆಯ ಮೆತ್ತನೆ ದೋಸೆ. ನೀರು ಹಾಕಬೇಡಿ, ಅದರಲ್ಲೇ ಬೇಕಾದಷ್ಟಿದೆ.